ಮಾಗಿಯ ಕೆಮ್ಮಿಗೆ ಬೇಸಿಗೆಯ ಪಟ್ಟು

ಈ ಬಾರಿ ಆಯ್ದುಕೊಂಡ ಮೂರೂ ಪತ್ರಗಳು ಚೀನೀ ವೈದ್ಯ ಪದ್ಧತಿಯ ಋತುಪಾಲನೆಗೆ ಸಂಬಂಧಿಸಿದವು. ಓದಿದ್ದು ಆಯುರ್ವೇದವಾದರೂ ಎರಡು ವರ್ಷ ನಾನ್‌ಜಿಂಗ್‌ನಲ್ಲಿದ್ದು ಅಲ್ಲಿನ ವೈದ್ಯವನ್ನು ಕಲಿತವನೆಂದು ಸಂಪಾದಕರು ಇವನ್ನೆಲ್ಲ ನನಗೆ ಕಳಿಸಿದ್ದಾರೆ.

ಪ್ರಶ್ನೆ: ನಾವು ಹುಬ್ಬಳ್ಳಿಯವರು. ನಾಲ್ಕು ವರ್ಷಗಳಿಂದ ಚೀನಾದ ಸುಝೌ ನಗರದಲ್ಲಿದ್ದೇವೆ. ಎಂಟು ವರ್ಷದ ಮಗನಿಗೆ ಚಳಿಗಾಲ ಬಂತೆಂದರೆ ಉಬ್ಬಸ. ಪಕ್ಕದ ಮನೆಯ ಅಜ್ಜಿಗೆ ಅವನ ಮೇಲೆ ಬಹಳ ಪ್ರೀತಿ. ಜುಲೈ ತಿಂಗಳ ಸೆಖೆಯಲ್ಲಿ ಆಸ್ಪತ್ರೆಗೆ ಕರೆದೊಯ್ದು ಬೆನ್ನಿಗೆ ಔಷಧದ ಪಟ್ಟು ಹಾಕಿಸಿ, ಚಳಿಗಾಲದ ಕಾಯಿಲೆಗೆ ಬೇಸಿಗೆಯಲ್ಲೇ ಮದ್ದು ಮಾಡಬೇಕು ಎನ್ನುತ್ತಾರೆ. ಮಾರ್ಚ್ ಬಂದರೂ ಸ್ವೆಟರ್ ತೆಗೆಯಲು ಬಿಡುವುದಿಲ್ಲ, ಬೇಸಿಗೆಯಲ್ಲೂ ಬಿಸಿನೀರನ್ನೇ ಕುಡಿಸುತ್ತಾರೆ. ಇದರಲ್ಲೆಲ್ಲ ಹುರುಳಿದೆಯೇ ಡಾಕ್ಟರೇ?

ಉತ್ತರ: ಮೊದಲು ಒಂದು ಮಾತು. ಪಟ್ಟು ಹಾಕಿಸಿದರೂ ಹಾಕಿಸದಿದ್ದರೂ ಮಕ್ಕಳ ವೈದ್ಯರು ಕೊಟ್ಟ ಇನ್‌ಹೇಲರನ್ನು ನಿಲ್ಲಿಸಬೇಡಿ. ಅಜ್ಜಿ ಹೇಳಿದರೂ ಬೇಡ, ನನ್ನಂಥ ಇನ್ನೊಬ್ಬ ವೈದ್ಯ ಹೇಳಿದರೂ ಬೇಡ.

ಅಜ್ಜಿ ಹೇಳುವುದು 'ಸಾನ್‌ಫು' ಪಟ್ಟು. ಹಗಲು ಅತಿ ದೀರ್ಘವಾಗಿರುವ ಜೂನ್ 21ರ ಆಸುಪಾಸಿನ ದಿನ ಕಳೆದ ಮೇಲೆ ಬರುವ ಮೂರನೆಯ 'ಗೆಂಗ್' ದಿನಕ್ಕೆ ಸಾನ್‌ಫು ಶುರು. ನಮ್ಮಲ್ಲಿ ಏಳು ವಾರಗಳಿರುವ ಹಾಗೆ ಹಳೆಯ ಚೀನೀ ಪಂಚಾಂಗದಲ್ಲಿ ಹತ್ತು ದಿನಗಳ ಸರದಿಯಿದೆ, ಅದರಲ್ಲಿ ಗೆಂಗ್ ಏಳನೆಯದು. ಜುಲೈ ನಡುವಿನಿಂದ ಆಗಸ್ಟ್‌ವರೆಗೆ, ಒಂದು ವರ್ಷ 30 ದಿನ, ಇನ್ನೊಂದು ವರ್ಷ 40 ದಿನ, ಮೂರು ಕಂತುಗಳಲ್ಲಿ ಇದು ಹರಡಿಕೊಳ್ಳುತ್ತದೆ. ವರ್ಷದ ಅತಿ ಕೆಟ್ಟ ಸೆಖೆ ಇದೇ. ನಾನ್‌ಜಿಂಗನ್ನು ಕುಲುಮೆ ನಗರವೆಂದು ಏಕೆ ಕರೆಯುತ್ತಾರೆಂದು ನನಗೆ ತಿಳಿದದ್ದು ಆ ದಿನಗಳಲ್ಲಿ. ಪ್ರತಿ ಕಂತಿನ ಮೊದಲ ದಿನ ಚೀನೀ ವೈದ್ಯದ ಆಸ್ಪತ್ರೆಗಳ ಮುಂದೆ ಬೆಳಿಗ್ಗೆಯಿಂದಲೇ ಸಾಲು. ಮೊಮ್ಮಕ್ಕಳ ಕೈ ಹಿಡಿದ ಅಜ್ಜಿಯರದೇ ದೊಡ್ಡ ಪಾಲು.

ಪಟ್ಟಿನಲ್ಲಿರುವ ಮುಖ್ಯ ವಸ್ತು ಬಿಳಿ ಸಾಸಿವೆ. ಅದರೊಂದಿಗೆ ಇನ್ನೆರಡು ಮೂರು ಬೇರುಗಳನ್ನು ಪುಡಿಮಾಡಿ ಶುಂಠಿ ರಸದಲ್ಲಿ ಕಲಸಿ, ಬೆನ್ನೆಲುಬಿನ ಎರಡೂ ಬದಿಯ ಗೊತ್ತಾದ ಬಿಂದುಗಳಿಗೆ ಅಂಟಿಸುತ್ತಾರೆ. ದೊಡ್ಡವರಿಗೆ ಕೆಲವು ಗಂಟೆ, ಮಕ್ಕಳಿಗೆ ಅದಕ್ಕಿಂತ ಕಡಿಮೆ. 1695ರ ಒಂದು ವೈದ್ಯಗ್ರಂಥದಲ್ಲಿ ಉಬ್ಬಸಕ್ಕೆ ಹೆಚ್ಚುಕಡಿಮೆ ಇದೇ ಪಾಕ ಸಿಗುತ್ತದೆ. ತರ್ಕ ಹೀಗೆ: ಚಳಿಯಲ್ಲಿ ಕೆರಳುವ ಕಾಯಿಲೆಗೆ ಮೂಲ ಒಳಗೆ ಅವಿತು ಕುಳಿತ ಶೀತ. ಹೊರಗೆ ಬಿಸಿಲು ಏರಿ ಚರ್ಮದ ರಂಧ್ರಗಳು ಬಿಚ್ಚಿಕೊಂಡಿರುವಾಗ ಉಷ್ಣದ್ರವ್ಯ ಹಚ್ಚಿದರೆ ಆ ಶೀತವನ್ನು ಸುಲಭವಾಗಿ ಹೊರಗೆ ಅಟ್ಟಬಹುದು. ರೋಗ ಬಂದ ಮೇಲೆ ಮದ್ದು ಅರೆಯುವುದು ಬಾಯಾರಿದ ಮೇಲೆ ಬಾವಿ ತೋಡಿದಂತೆ ಎಂದು ಎರಡು ಸಾವಿರ ವರ್ಷ ಹಳೆಯ ವೈದ್ಯಗ್ರಂಥ 'ಹ್ವಾಂಗ್‌ದಿ ನೇಯ್‌ಜಿಂಗ್' ಹೇಳುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತರ್ಕ ಅಂದವಾಗಿದೆ. ಫಲ ಅಷ್ಟೇ ಖಚಿತವಾಗಿದೆಯೇ ಎಂದು ಕೇಳಿದರೆ ಇಲ್ಲ. ಚೀನಾದಲ್ಲಿ ಇದರ ಮೇಲೆ ಪ್ರಯೋಗಗಳು ನಡೆದಿವೆ, ಅನುಕೂಲವಾಯಿತೆಂದು ಹೇಳುವವೂ ಇವೆ. ಆದರೆ ಸಾಸಿವೆ ಉರಿಯುತ್ತದೆ, ಹೋಲಿಕೆಗೆಂದು ಹಚ್ಚುವ ಹುಸಿ ಪಟ್ಟು ಉರಿಯುವುದಿಲ್ಲ. ಯಾವುದು ನಿಜವಾದದ್ದೆಂದು ರೋಗಿಗೆ ಹತ್ತು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಇಂಥ ಪ್ರಯೋಗದ ತೀರ್ಪನ್ನು ಎಷ್ಟು ನಂಬುವುದು? ನಾನಂತೂ ಉಬ್ಬಸಕ್ಕೆ ಇದನ್ನು ಚಿಕಿತ್ಸೆಯೆಂದು ಬರೆದುಕೊಡುವುದಿಲ್ಲ. ಹಾಕಿಸಲೇಬೇಕೆಂದಿದ್ದರೆ ಆಸ್ಪತ್ರೆಯಲ್ಲೇ ಹಾಕಿಸಿ. ಅವನಿಗೆ ಚರ್ಮದ ಅಲರ್ಜಿ, ಜ್ವರ, ಗಾಯ ಇದ್ದರೆ ಬೇಡ. ಉರಿ ಎಂದು ಅಳತೊಡಗಿದರೆ ಗಡಿಯಾರ ನೋಡದೆ ಕಿತ್ತುಬಿಡಿ. ಗುಳ್ಳೆ ಎದ್ದಷ್ಟೂ ಗುಣ ಎಂಬ ಮಾತು ಅಲ್ಲಿ ಚಾಲ್ತಿಯಲ್ಲಿದೆ. ಮಗುವಿನ ಬೆನ್ನಿನ ಮೇಲೆ ಅದನ್ನು ಪರೀಕ್ಷಿಸುವುದು ಬೇಡ. ಅಂತರ್ಜಾಲದಲ್ಲಿ ಪುಡಿ ತರಿಸಿ ಮನೆಯಲ್ಲಿ ಕಲಸುವುದಂತೂ ಖಂಡಿತ ಬೇಡ. ಪಾಕದಲ್ಲಿರುವ 'ಷೀಶಿನ್' ಗಿಡದಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇರಬಹುದು. ಅದೇ ಆಮ್ಲವಿದ್ದ ಬೇರೊಂದು ಚೀನೀ ಬೇರು 1990ರ ದಶಕದಲ್ಲಿ ಬ್ರಸೆಲ್ಸ್‌ನಲ್ಲಿ ಮೈ ಇಳಿಸಲು ಹೊರಟವರ ಹೊಟ್ಟೆ ಸೇರಿ ಹಲವರ ಮೂತ್ರಪಿಂಡಗಳನ್ನೇ ಹಾಳುಮಾಡಿತು.

ಪಟ್ಟಿನ ವಿಷಯದಲ್ಲಿ ಅಜ್ಜಿಯ ಪರ ವಹಿಸದಿದ್ದರೂ ಸ್ವೆಟರಿನ ವಿಷಯದಲ್ಲಿ ನಾನು ಅವರ ಕಡೆಗೇ. ವಸಂತದಲ್ಲಿ ಹೊದ್ದುಕೋ, ಶರತ್ತಿನಲ್ಲಿ ಸ್ವಲ್ಪ ನಡುಗು ಎಂಬುದು ಚೀನಾದ ಮನೆಮಾತು. ಬೆಚ್ಚಗಾಯಿತೆಂದು ಮಾರ್ಚ್‌ನಲ್ಲಿ ಅವಸರದಿಂದ ಕಳಚಬೇಡ, ತಣ್ಣಗಾಯಿತೆಂದು ಸೆಪ್ಟೆಂಬರಿನಲ್ಲಿ ಅವಸರದಿಂದ ಹೊದೆಯಬೇಡ, ದೇಹಕ್ಕೆ ಒಗ್ಗಿಕೊಳ್ಳಲು ಸಮಯ ಕೊಡು ಎಂದು ಅರ್ಥ. ನಿಮ್ಮ ಊರಿಗೆ ಇದು ಇನ್ನೂ ಸರಿ. ಸರ್ಕಾರ ಮನೆ ಬೆಚ್ಚಗಿಡುವ ಕೊಳವೆ ಹಾಕಿಸಿದ್ದು ಹ್ವಾಯ್ ನದಿಯಿಂದ ಉತ್ತರಕ್ಕೆ. ಸುಝೌ ಅದರ ದಕ್ಷಿಣಕ್ಕಿದೆ. ಬೀಜಿಂಗ್‌ನವರು ಜನವರಿಯಲ್ಲಿ ಮನೆಯೊಳಗೆ ತೆಳು ಅಂಗಿಯಲ್ಲಿರುತ್ತಾರೆ, ನಿಮ್ಮಲ್ಲಿ ಗೋಡೆಯೂ ಒದ್ದೆ, ಹಾಸಿಗೆಯೂ ಒದ್ದೆ. ಆ ತೇವದ ಚಳಿ, ಮುಚ್ಚಿದ ಕೋಣೆ, ಗೋಡೆಯ ಬೂಷ್ಟು, ಶಾಲೆಯಿಂದ ತರುವ ನೆಗಡಿ, ಇವೇ ನಿಮ್ಮ ಮಗನ ಉಬ್ಬಸವನ್ನು ಕೆದಕುತ್ತಿರಬಹುದು. ಬೂಷ್ಟು ತೊಳೆಸಿ, ಜೂನ್‌ನ ಮಳೆ ಮುಗಿದ ಮೇಲೆ ಹಾಸಿಗೆಗಳನ್ನು ಬಿಸಿಲಿಗೆ ಹಾಕಿ. ಬೇಸಿಗೆಯಲ್ಲಿ ಮಾಡಬಹುದಾದ ಚಳಿಗಾಲದ ಮದ್ದು ಇದೂ ಹೌದು.

ಬಿಸಿನೀರು ಕುಡಿಸಲಿ, ಅದರಿಂದ ಕೆಡುಕಿಲ್ಲ. ಕುದಿಸಿದ ನೀರನ್ನೇ ಕುಡಿಯಿರಿ ಎಂದು 1950ರ ದಶಕದಲ್ಲಿ ಸರ್ಕಾರ ಊರೂರಿಗೆ ಸಾರಿದ್ದರಲ್ಲಿ ವೈದ್ಯಕ್ಕಿಂತ ಕಾಲರಾ, ಆಮಶಂಕೆಗಳ ಭಯ ದೊಡ್ಡದಿತ್ತು. ಇಂದು ಅಜ್ಜಿಯರು ಅದಕ್ಕೆ ಯಾಂಗ್ (ಉಷ್ಣ), ಯಿನ್ (ಶೀತ) ಎಂದು ಕಾರಣ ಕೊಡುತ್ತಾರೆ. ಅಕ್ಟೋಬರಿನಲ್ಲಿ ಅವರು ಪೇರ್ ಹಣ್ಣನ್ನು ಕಲ್ಲುಸಕ್ಕರೆ ಹಾಕಿ ಬೇಯಿಸಿ ತಂದರೆ ಬೇಡವೆನ್ನಬೇಡಿ. ಒಣಹವೆಯಲ್ಲಿ ಒಣಗುವ ಗಂಟಲಿಗೆಂದು ಮಾಡಿದ್ದು ಅದು, ಮೇಲಾಗಿ ಬಹಳ ರುಚಿ.

ಪ್ರಶ್ನೆ: ಮೊಬೈಲಿಗೆ ಬಂದ ಒಂದು ಚಿತ್ರದ ಪ್ರಕಾರ ರಾತ್ರಿ 1ರಿಂದ 3 ಯಕೃತ್ತಿನ ಹೊತ್ತು, 3ರಿಂದ 5 ಶ್ವಾಸಕೋಶದ ಹೊತ್ತು. ನನಗೆ ದಿನವೂ ಮೂರಕ್ಕೆ ಎಚ್ಚರವಾಗುತ್ತದೆ. ಚಳಿಗಾಲ ಮೂತ್ರಪಿಂಡದ ಕಾಲ ಎಂದೂ ಇತ್ತು, ಹೆದರಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿದೆ, ಸರಿಯಾಗಿದೆ. ವಯಸ್ಸು 61. (ಮೈಸೂರಿನ ಓದುಗರು)

ಉತ್ತರ: ನಿಮ್ಮ ಮೂತ್ರಪಿಂಡ ಚೆನ್ನಾಗಿರುವುದು ಸಂತೋಷ. ಆದರೆ ಚೀನೀ ಗ್ರಂಥಗಳ 'ಶೆನ್' ನೀವು ಪರೀಕ್ಷೆ ಮಾಡಿಸಿದ ಮೂತ್ರಪಿಂಡವಲ್ಲ. ಮೂಳೆ, ಕೂದಲು, ಕಿವಿ, ಸಂತಾನಶಕ್ತಿ, ಭಯ ಇವೆಲ್ಲವೂ ಅದರ ಅಧೀನ. ಅನುವಾದಕರು ಬೇರೆ ಪದ ಸಿಗದೆ ಅಂಗದ ಹೆಸರನ್ನೇ ಇಟ್ಟರು. ವಾತ ಎಂದರೆ ಗಾಳಿ ಎಂದುಕೊಂಡು ಮಂಡಿನೋವಿಗೆ ಗ್ಯಾಸಿನ ಮಾತ್ರೆ ನುಂಗಿದರೆ ಹೇಗೋ ಇದೂ ಹಾಗೆಯೇ. ಗಡಿಯಾರದ ಚಿತ್ರವೂ ಸೂಜಿ ಚುಚ್ಚುವ ವೈದ್ಯರು ಯಾವ ನಾಡಿಮಾರ್ಗವನ್ನು ಯಾವ ಹೊತ್ತಿನಲ್ಲಿ ಮುಟ್ಟಬೇಕೆಂದು ಬಳಸಿದ ಲೆಕ್ಕಾಚಾರದಿಂದ ಬಂದದ್ದು, ಎಚ್ಚರವಾದ ವೇಳೆಯಿಂದ ರೋಗ ಹೇಳಲು ಅಲ್ಲ. 61ರಲ್ಲಿ ಮೂರು ಗಂಟೆಗೆ ಎಚ್ಚರವಾಗಲು ಸಂಜೆಯ ಕಾಫಿ, ಚಿಂತೆ, ಮಧ್ಯಾಹ್ನದ ದೀರ್ಘ ನಿದ್ದೆ ಸಾಕು. ಮೂತ್ರಕ್ಕೆಂದು ಏಳುತ್ತಿದ್ದರೆ ಸಕ್ಕರೆ, ಪ್ರಾಸ್ಟೇಟ್ ನೋಡಿಸಿ. ಜೋರಾಗಿ ಗೊರಕೆ ಹೊಡೆಯುತ್ತೀರೆಂದು ಮನೆಯವರು ಹೇಳುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ.

ಆ ಪದ್ಧತಿಯಿಂದಲೇ ಏನಾದರೂ ಬೇಕೆಂದರೆ ನೇಯ್‌ಜಿಂಗ್ ಚಳಿಗಾಲಕ್ಕೆ ಹೇಳಿರುವುದನ್ನು ತೆಗೆದುಕೊಳ್ಳಿ: ಬೇಗ ಮಲಗು, ತಡವಾಗಿ ಏಳು, ಸೂರ್ಯನ ಬೆಳಕಿಗೆ ಕಾದಿರು. ಚಳಿಗಾಲದಲ್ಲಿ ರಕ್ತದೊತ್ತಡ ಸಾಮಾನ್ಯವಾಗಿ ಏರುತ್ತದೆ. ಡಿಸೆಂಬರಿನಲ್ಲಿ ಐದಕ್ಕೇ ಮಂಜಿನಲ್ಲಿ ಕುಕ್ಕರಹಳ್ಳಿ ಕೆರೆ ಸುತ್ತುವ ನಿಮ್ಮ ವಯಸ್ಸಿನವರಿಗೆ ಏಳರವರೆಗೆ ಕಾಯಿರೆಂದು ನಾನೂ ಹೇಳುತ್ತೇನೆ.

ಪ್ರಶ್ನೆ: ಸೂರ್ಯನ ಚಲನೆಯಂತೆ ವರ್ಷವನ್ನು 24 ಭಾಗ ಮಾಡುವ ಚೀನಾದ ಸೌರಪರ್ವಗಳ ಪಟ್ಟಿ ಹಿಡಿದು ಅದರಂತೆ ಊಟ ಮಾಡಬೇಕೆಂದಿದ್ದೇನೆ. ಜುಲೈ 23ರ ಸುಮಾರಿಗೆ 'ಮಹಾ ಉಷ್ಣ', ಹೆಸರುಕಾಳಿನ ತಂಪು ಸಾರು, ಬೂದುಗುಂಬಳ, ಹಾಗಲ ತಿನ್ನಬೇಕು ಎಂದಿದೆ. ನಾನಿರುವುದು ಮಡಿಕೇರಿ. ಪಾಲಿಸಬಹುದೇ?

ಉತ್ತರ: ಜುಲೈ 23ಕ್ಕೆ ಮಡಿಕೇರಿಯಲ್ಲಿ ಮಹಾ ಉಷ್ಣವೇ! ಒಲೆಯ ಮುಂದೆ ಕೂತರೆ ಮಾತ್ರ.

ಈ ಪಟ್ಟಿಯನ್ನು 2016ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯೆಂದು ಗುರುತಿಸಿದೆ, ಗೌರವಕ್ಕೆ ತಕ್ಕದ್ದೇ. ಆದರೆ ಅದು ಹುಟ್ಟಿದ್ದು ಹಳದಿ ನದಿಯ ಬಯಲಿನಲ್ಲಿ, ಅಲ್ಲಿನ ಬಿತ್ತನೆ ಕೊಯ್ಲಿಗಾಗಿ. ನವೆಂಬರ್ 22ರ ಹೊತ್ತಿಗೆ 'ಕಿರುಹಿಮ' ಎಂದಿದೆಯಲ್ಲ, ಅದನ್ನೇನು ಮಾಡುತ್ತೀರಿ? ದಕ್ಷಿಣ ಚೀನಾದ ಗ್ವಾಂಗ್‌ಝೌ ಜನರೇ ಅದನ್ನು ಅಕ್ಷರಶಃ ಪಾಲಿಸುವುದಿಲ್ಲ. ತಮ್ಮ ಸೆಖೆಗೂ ತೇವಕ್ಕೂ ತಕ್ಕ ಕಹಿ ಕಷಾಯಗಳನ್ನು, ಗಂಟೆಗಟ್ಟಲೆ ಕುದಿಸಿದ ಸಾರುಗಳನ್ನು ಅವರು ಬೇರೆಯಾಗಿಯೇ ಕಟ್ಟಿಕೊಂಡಿದ್ದಾರೆ. ಜುಲೈನಲ್ಲಿ ನಿಮ್ಮ ಊರು ಆ ಪದ್ಧತಿಯ ಮಾತಿನಲ್ಲೇ ಹೇಳುವುದಾದರೆ ಶೀತ ಮತ್ತು ತೇವ. ಆಗ ಹೆಸರುಕಾಳಿನ ತಂಪು ಸಾರು ಕುಡಿದರೆ ಚೀನೀ ವೈದ್ಯನೇ ಬೈಯುತ್ತಾನೆ. ಬಿಸಿಯಾದದ್ದು, ಶುಂಠಿ ಮೆಣಸು ಬಿದ್ದದ್ದು ತಿನ್ನಿ. ಹೆಸರುಕಾಳನ್ನು ಏಪ್ರಿಲ್‌ಗೆ ಎತ್ತಿಡಿ.

ಪಟ್ಟಿಯಿಂದ ಒಂದನ್ನು ಮಾತ್ರ ಉಳಿಸಿಕೊಳ್ಳಿ. ಪ್ರತಿ ಋತುವಿನ ಕೊನೆಯ 18 ದಿನಗಳನ್ನು ಅವರು ಭೂಮಿತತ್ವಕ್ಕೆ, ಎಂದರೆ ಜೀರ್ಣಶಕ್ತಿಗೆ, ಮೀಸಲಿಟ್ಟಿದ್ದಾರೆ. ಆಯುರ್ವೇದದ ಋತುಸಂಧಿಯೂ ಹೀಗೇ, ಹೋಗುವ ಋತುವಿನ ಕೊನೆಯ ವಾರ, ಬರುವ ಋತುವಿನ ಮೊದಲ ವಾರ. ಆ ದಿನಗಳಲ್ಲಿ ಗಂಜಿ, ತಿಳಿಸಾರು, ಹಗುರವಾದ ಊಟ.

ಅಂದಹಾಗೆ, ದಿನ ಗೊತ್ತುಮಾಡಿ ಮದ್ದು ತಿನ್ನುವುದಕ್ಕೆ ನೀವು ಚೀನಾದವರೆಗೆ ಹೋಗಬೇಕಾಗಿಲ್ಲ. ಕಕ್ಕಡ ಹದಿನೆಂಟು, ಎಂದರೆ ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಆಗಸ್ಟ್ 3, ನಿಮ್ಮ ಮನೆಯಲ್ಲೇ ಇದೆ. ಹದಿನೆಂಟು ಬಗೆಯ ಔಷಧಗುಣ ಸೇರುತ್ತದೆನ್ನುವ ಮದ್ದುಸೊಪ್ಪಿನ ನೇರಳೆ ಪಾಯಸ ನೀವು ಉಣ್ಣುವ ಹೊತ್ತಿಗೆ ಸುಝೌನಲ್ಲಿ ಸಾನ್‌ಫು ನಡೆದಿರುತ್ತದೆ. ಪರವೂರಿನಿಂದ ಬಂದ ನೆಂಟರಿಗೆ ಬಡಿಸುವುದಾದರೆ ಮೊದಲೇ ಹೇಳಿಬಿಡಿ, ಮರುದಿನ ಮೂತ್ರ ಕೆಂಪಗಾಗುವುದು ಸೊಪ್ಪಿನ ಬಣ್ಣದಿಂದ ಎಂದು. ಒಮ್ಮೆ ಒಬ್ಬರು ರಾತ್ರೋರಾತ್ರಿ ನನಗೆ ಫೋನ್ ಮಾಡಿದ್ದರು.