ಐಬಾರ್ ಸಾಲದಲ್ಲಿ ಇರಲೇ ಇಲ್ಲ: ಷೇರು ಮಾರಾಟದ ಪ್ರಶ್ನೆಗೆ ಉತ್ತರ

ಗೆಳೆಯರಿಗೆ ನಮಸ್ಕಾರ. ಸ್ಪೇನ್‌ನ ಐಬಾರ್ ಕ್ಲಬ್ ಸಾಲದಲ್ಲಿ ಮುಳುಗಿದ್ದಾಗ ಅಭಿಮಾನಿಗಳು ಷೇರು ಕೊಂಡು ಅದನ್ನು ಉಳಿಸಿದರಂತೆ, ನಮ್ಮ ಊರಿನ ಫುಟ್‌ಬಾಲ್ ತಂಡಕ್ಕೂ ಅದೇ ದಾರಿ ಹಿಡಿಯಬಹುದೇ ಎಂದು ನೀವು ಕೇಳಿದ್ದೀರಿ. ಆ ಕಥೆ ಹಲವರ ಬಾಯಲ್ಲಿ ಹೀಗೆಯೇ ಓಡಾಡುತ್ತಿದೆಯಾದರೂ ಅದರ ಮುಖ್ಯ ಭಾಗವೇ ತಲೆಕೆಳಗಾಗಿದೆ. ಷೇರು ಮಾರಿದ 2014ರಲ್ಲಿ ಐಬಾರ್‌ಗೆ ಸಾಲವಿರಲಿಲ್ಲ. ಸಾಲವಿಲ್ಲದ ಕ್ಲಬ್ ಜನರ ಮುಂದೆ ಕೈಯೊಡ್ಡಬೇಕಾಗಿ ಬಂದದ್ದು ಏಕೆ ಎಂಬುದು ಸರಿಯಾಗಿ ತಿಳಿದರೆ, ನಿಮ್ಮ ತಂಡ ಏನು ಮಾಡಬಹುದು ಎಂಬುದೂ ಸ್ಪಷ್ಟವಾಗುತ್ತದೆ. ಆದ್ದರಿಂದ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಐಬಾರ್ ಉತ್ತರ ಸ್ಪೇನ್‌ನ ಬಾಸ್ಕ್ ಪ್ರದೇಶದ ಗಿಪುಸ್ಕೋವಾ ಪ್ರಾಂತ್ಯದಲ್ಲಿ, ಕಿರಿದಾದ ಕಣಿವೆಯೊಂದರಲ್ಲಿ ಒತ್ತಿಕೊಂಡು ಬೆಳೆದಿರುವ ಊರು. ಜನಸಂಖ್ಯೆ ಸುಮಾರು 27,000. ಬಂದೂಕು ತಯಾರಿಕೆ ಇಲ್ಲಿನ ಹಳೆಯ ಕಸುಬಾಗಿದ್ದರಿಂದ ಇಂದಿಗೂ ಆಟಗಾರರನ್ನು ‘ಅರ್ಮೆರೋಸ್’, ಅಂದರೆ ಬಂದೂಕು ಮಾಡುವವರು, ಎಂದೇ ಕರೆಯುತ್ತಾರೆ. ಬಂದೂಕಿನ ಬೇಡಿಕೆ ಕುಸಿದಾಗ ಇದೇ ಕಾರ್ಖಾನೆಗಳು ಸೈಕಲ್ ಮತ್ತು ಹೊಲಿಗೆ ಯಂತ್ರಗಳತ್ತ ಹೊರಳಿದವು. ಈಗ ಹೆಸರಾಂತ ಸೈಕಲ್ ಕಂಪನಿಯಾಗಿರುವ ಓರ್ಬಿಯಾ 1840ರಲ್ಲಿ ಇಲ್ಲಿ ಬಂದೂಕಿನ ಕಾರ್ಖಾನೆಯಾಗಿ ಆರಂಭವಾಯಿತು. ಹೊಲಿಗೆ ಯಂತ್ರಕ್ಕೆ ಪ್ರಸಿದ್ಧವಾದ ಆಲ್ಫಾ 1920ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರಿ ಸಂಸ್ಥೆ. ಇದನ್ನು ವಿಷಯ ಬಿಟ್ಟು ಹೇಳುತ್ತಿಲ್ಲ. ಹತ್ತಾರು ಜನ ಸೇರಿ ಬಂಡವಾಳ ಹೂಡುವುದು, ಅದರ ಲೆಕ್ಕ ಕೇಳುವುದು ಈ ಊರಿಗೆ 2014ರಲ್ಲಿ ಹೊಸದಾಗಿ ಬಂದ ವಿದ್ಯೆಯಲ್ಲ ಎಂಬುದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

1937ರಲ್ಲಿ ಅಂತರ್ಯುದ್ಧದ ಬಾಂಬ್ ದಾಳಿಗೆ ಊರಿನ ಬಹುಭಾಗ ನಾಶವಾಯಿತು. ಅದಾದ ಮೂರೇ ವರ್ಷಕ್ಕೆ, 1940ರ ನವೆಂಬರ್‌ನಲ್ಲಿ, ಊರಿನ ಎರಡು ಸಣ್ಣ ತಂಡಗಳು ಒಂದಾಗಿ ಈಗಿನ ಕ್ಲಬ್ ಹುಟ್ಟಿತು. ಆರಂಭದ ವರ್ಷಗಳಲ್ಲಿ ಬಾರ್ಸಿಲೋನಾ ತಂಡದ ಅಂಗಿಗಳು ಫುಟ್‌ಬಾಲ್ ಒಕ್ಕೂಟದ ಮೂಲಕ ಇವರ ಪಾಲಿಗೆ ಬಂದವೆಂದೂ ನೀಲಿ-ಕಡುಗೆಂಪು ಪಟ್ಟೆ ಹಾಗೆಯೇ ಉಳಿದುಕೊಂಡಿತೆಂದೂ ಹೇಳುತ್ತಾರೆ. 1947ರಲ್ಲಿ ಇಪುರುವಾ ಮೈದಾನ ಸಿದ್ಧವಾಯಿತು. ಸ್ಪೇನ್‌ನ ಮೊದಲ ದರ್ಜೆಯ ಲೀಗ್ ಆದ ಲಾ ಲಿಗಾಗೆ ಏರುವ ಹೊತ್ತಿನಲ್ಲಿಯೂ ಅಲ್ಲಿ ಹಿಡಿಸುತ್ತಿದ್ದದ್ದು ಐದಾರು ಸಾವಿರ ಜನ ಮಾತ್ರ. ಗ್ಯಾಲರಿಯ ಬೆನ್ನಿಗೇ ವಸತಿ ಕಟ್ಟಡಗಳು ನಿಂತಿವೆ. ಪಂದ್ಯದ ದಿನ ಆ ಮನೆಗಳವರು ತಮ್ಮ ಬಾಲ್ಕನಿಗಳಲ್ಲಿಯೇ ಕೈ ಊರಿ ಆಟ ನೋಡುತ್ತಾರೆ.

1988ರಿಂದ 2006ರವರೆಗೆ, ಸತತ 18 ಋತುಗಳ ಕಾಲ, ಈ ಕ್ಲಬ್ ಎರಡನೇ ದರ್ಜೆಯಲ್ಲಿ ಉಳಿಯಿತು. ನನ್ನ ದೃಷ್ಟಿಯಲ್ಲಿ ಐಬಾರ್‌ನ ನಿಜವಾದ ಸಾಧನೆ ಇದು. ಬಡ್ತಿಯ ಸಂಭ್ರಮಕ್ಕಿಂತ ಇದನ್ನೇ ನಾವು ಹೆಚ್ಚು ಗಮನಿಸಬೇಕು. ಕೊಳ್ಳಲಾಗದ ಆಟಗಾರರನ್ನು ದೊಡ್ಡ ಕ್ಲಬ್‌ಗಳಿಂದ ಎರವಲು ತಂದು, ಆಡಿಸಿ, ಬೆಳೆಸಿ ಹಿಂದಕ್ಕೆ ಕಳುಹಿಸುವುದು ಇವರ ಕ್ರಮವಾಗಿತ್ತು. ಮುಂದೆ ಸ್ಪೇನ್‌ನ ಹೆಸರಾಂತ ಆಟಗಾರರಾದ ಶಾಬಿ ಅಲೊನ್ಸೊ ಹರೆಯದಲ್ಲಿ ರಿಯಲ್ ಸೊಸಿಯೆದಾದ್‌ನಿಂದ ಇಲ್ಲಿಗೆ ಎರವಲಾಗಿ ಬಂದಿದ್ದರು. 2004-05ರಲ್ಲಿ ವಲೆನ್ಸಿಯಾ ಕ್ಲಬ್ ಅಷ್ಟೇ ಹೆಸರು ಮಾಡಿದ ಡೇವಿಡ್ ಸಿಲ್ವಾರನ್ನು ಕಳುಹಿಸಿತ್ತು. ಆ ಋತುವಿನಲ್ಲಿ ಮೆಂಡಿಲಿಬಾರ್ ತರಬೇತಿಯಲ್ಲಿ ತಂಡ ನಾಲ್ಕನೇ ಸ್ಥಾನ ಪಡೆದು ಬಡ್ತಿಯ ಸಮೀಪಕ್ಕೆ ಹೋಗಿತ್ತು. ಆಮೇಲೆ ಇಳಿತ ಬಂತು. ಮೂರನೇ ದರ್ಜೆಗೂ ಕುಸಿದರು. ಆದರೂ ಮತ್ತೆ ಏಳಲು ಸಾಧ್ಯವಾಯಿತು. ಮೂರನೇ ದರ್ಜೆಯಲ್ಲಿ ಇದ್ದಾಗಲೇ, ಎಲ್ಲ ದರ್ಜೆಗಳ ತಂಡಗಳು ಆಡುವ ಸ್ಪೇನ್‌ನ ನಾಕೌಟ್ ಟೂರ್ನಿಯಾದ ಕೋಪಾ ದೆಲ್ ರೇಯ 2012-13ರ ಆವೃತ್ತಿಯಲ್ಲಿ, ನೆರೆಯ ದೈತ್ಯ ಅಥ್ಲೆಟಿಕ್ ಬಿಲ್ಬಾವೊ ತಂಡವನ್ನು ಹೊರಹಾಕಿದರು. 2013ರಲ್ಲಿ ಎರಡನೇ ದರ್ಜೆಗೆ ಒಂದು ಬಡ್ತಿ, 2014ರ ಮೇ ತಿಂಗಳಲ್ಲಿ ಗೈಸ್ಕ ಗರಿತಾನೊ ಅವರ ತರಬೇತಿಯಲ್ಲಿ ಲಾ ಲಿಗಾಗೆ ಇನ್ನೊಂದು ಬಡ್ತಿ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಸ್ಪೇನ್‌ನ ಕ್ರೀಡಾ ಕಾನೂನಿನ ಪ್ರಕಾರ ವೃತ್ತಿಪರ ಕ್ಲಬ್‌ನ ಷೇರು ಬಂಡವಾಳವು ಎರಡನೇ ದರ್ಜೆಯ ಕ್ಲಬ್‌ಗಳು ಮಾಡುವ ಸರಾಸರಿ ಖರ್ಚಿನ ಶೇ 25ರಷ್ಟಾದರೂ ಇರಬೇಕಿತ್ತು. ಇತರ ಕ್ಲಬ್‌ಗಳು ಸಾಲ ಮಾಡಿ ಖರ್ಚು ಹೆಚ್ಚಿಸಿಕೊಂಡಷ್ಟೂ ಆ ಸರಾಸರಿ ಏರುತ್ತಿತ್ತು. ಮಿತವಾಗಿ ನಡೆಯುತ್ತಿದ್ದ ಐಬಾರ್ ಅದಕ್ಕೆ ದಂಡ ತೆರಬೇಕಾಯಿತು. ಅವರ ಬಂಡವಾಳ ಸುಮಾರು 4 ಲಕ್ಷ 22 ಸಾವಿರ ಯೂರೊ ಇತ್ತು. ಬೇಕಾದದ್ದು 21 ಲಕ್ಷ 46 ಸಾವಿರ. ವ್ಯತ್ಯಾಸದ 17 ಲಕ್ಷ 24 ಸಾವಿರ ಯೂರೊವನ್ನು ಆಗಸ್ಟ್ 6ರೊಳಗೆ ಹೊಂದಿಸದಿದ್ದರೆ, ಮೈದಾನದಲ್ಲಿ ಗೆದ್ದ ತಂಡವನ್ನು ಮೂರನೇ ದರ್ಜೆಗೆ ತಳ್ಳಲಾಗುತ್ತಿತ್ತು. ಈ ಕಾನೂನು ನನಗೆ ಇಂದಿಗೂ ಅನ್ಯಾಯವೆಂದೇ ತೋರುತ್ತದೆ. ಕ್ಲಬ್ ‘ಐಬಾರ್ ಅನ್ನು ಕಾಪಾಡಿ’ ಎಂಬ ಅಭಿಯಾನ ಆರಂಭಿಸಿತು. 50 ಯೂರೊ ಕೊಟ್ಟರೂ ಪಾಲು ಸಿಗುತ್ತಿತ್ತು. ಒಬ್ಬರೇ ಶ್ರೀಮಂತರು ಬಂದು ಕ್ಲಬ್ಬನ್ನು ನುಂಗದಂತೆ ಒಬ್ಬರಿಗೆ ಒಂದು ಲಕ್ಷ ಯೂರೊ ಮಿತಿ ಹಾಕಲಾಗಿತ್ತು. ಅಲೊನ್ಸೊ, ಸಿಲ್ವಾ ಅವರಂಥ ಹಳಬರು ದನಿಗೂಡಿಸಿದರು. ಹಲವಾರು ದೇಶಗಳ ಸಾವಿರಾರು ಮಂದಿ ಷೇರು ಕೊಂಡರು. ಗಡುವಿಗೆ ಮೊದಲೇ ಹಣ ತುಂಬಿತು.

ಸಾಲವಿಲ್ಲದಿರುವುದರ ಬೆಲೆ ಒಂದೇ ವರ್ಷದಲ್ಲಿ ಗೊತ್ತಾಯಿತು. ಲಾ ಲಿಗಾದ ಮೊದಲ ಪಂದ್ಯದಲ್ಲಿ ಹಾವಿ ಲಾರಾ ಅವರ ಫ್ರೀ ಕಿಕ್ಕಿನಿಂದ ರಿಯಲ್ ಸೊಸಿಯೆದಾದ್ ವಿರುದ್ಧ 1-0 ಗೆದ್ದ ತಂಡ, ಋತುವಿನ ದ್ವಿತೀಯಾರ್ಧದಲ್ಲಿ ಕುಸಿದು 35 ಅಂಕಗಳೊಂದಿಗೆ 18ನೇ ಸ್ಥಾನಕ್ಕೆ ಇಳಿದು ಹಿಂಬಡ್ತಿಗೆ ಗುರಿಯಾಯಿತು. ಆದರೆ 13ನೇ ಸ್ಥಾನದಲ್ಲಿದ್ದ ಎಲ್ಚೆ ಕ್ಲಬ್ಬನ್ನು ಬಾಕಿ ತೀರಿಸಲಿಲ್ಲವೆಂಬ ಕಾರಣಕ್ಕೆ ಲೀಗ್ ಕೆಳಗಿಳಿಸಿದ್ದರಿಂದ ಐಬಾರ್ ಉಳಿಯಿತು. ಬಳಿಕ ಮರಳಿ ಬಂದ ಮೆಂಡಿಲಿಬಾರ್ ತಂಡವನ್ನು 2017-18ರಲ್ಲಿ 9ನೇ ಸ್ಥಾನದವರೆಗೆ ಒಯ್ದರು. 2018ರ ನವೆಂಬರ್‌ನಲ್ಲಿ ಇಪುರುವಾದಲ್ಲಿ ರಿಯಲ್ ಮ್ಯಾಡ್ರಿಡ್ 3-0 ಅಂತರದಲ್ಲಿ ಸೋತಿತು. ಏಳು ಋತುಗಳ ನಂತರ, 2021ರಲ್ಲಿ, ಎರಡನೇ ದರ್ಜೆಗೆ ಮರಳಿದರು. 2022, 2023 ಮತ್ತು 2024ರಲ್ಲಿ ಪ್ಲೇ ಆಫ್, ಅಂದರೆ ಬಡ್ತಿಗಾಗಿ ಋತುವಿನ ಕೊನೆಗೆ ನಡೆಯುವ ಪಂದ್ಯಗಳನ್ನು, ತಲುಪಿ ಮೂರೂ ಸಲ ಸೋತರು.

ಆದ್ದರಿಂದ ನಿಮ್ಮ ತಂಡದ ಹಳೆಯ ಬಾಕಿ ತೀರಿಸಲು ಜನರಿಂದ ಹಣ ಎತ್ತುವುದಾದರೆ, ದಯವಿಟ್ಟು ಐಬಾರ್ ಉದಾಹರಣೆಯನ್ನು ಕೊಡಬೇಡಿ. ಅದು ಬೇರೆಯೇ ಸಂಗತಿ. ನಮ್ಮಲ್ಲಿ ಖಾಸಗಿ ಕಂಪನಿಯೊಂದು ಸಾರ್ವಜನಿಕರಿಗೆ ಷೇರು ಕೊಳ್ಳಿರೆಂದು ಕರೆ ಕೊಡುವಂತೆಯೂ ಇಲ್ಲ. ನಿಮಗೆ ಸರಳವಾದ ದಾರಿಯೆಂದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವನ್ನು ನೋಂದಾಯಿಸಿ, ಸದಸ್ಯತ್ವ ಶುಲ್ಕ ಪಡೆಯುವುದು. ಇದರಲ್ಲಿ ಲಾಭ ಹಂಚುವಂತಿಲ್ಲ ಎಂಬುದನ್ನು ಹಣ ಕೊಡುವವರಿಗೆ ಮೊದಲೇ ಬರೆದು ತಿಳಿಸಿರಿ. ಅದಕ್ಕೂ ಮುಂಚೆ ಕಳೆದ ಎರಡು ಮೂರು ಋತುಗಳ ಜಮಾ ಖರ್ಚು ಬರೆದು, ಮೈದಾನದ ಬಾಡಿಗೆ, ಬೂಟು, ಪ್ರಯಾಣ, ರೆಫರಿ ಶುಲ್ಕ ಎಲ್ಲವನ್ನೂ ಬಿಡಿಬಿಡಿಯಾಗಿ ತೋರಿಸಿ ಊರಿನವರ ಮುಂದೆ ಓದಿರಿ. ಒಬ್ಬರೇ ದಾನಿ ಅರ್ಧಕ್ಕಿಂತ ಹೆಚ್ಚು ಖರ್ಚು ಹೊರುತ್ತಿದ್ದರೆ ಅವರು ಕೈಬಿಟ್ಟ ವರ್ಷ ಏನಾಗುತ್ತದೆ ಎಂದು ಈಗಲೇ ಚರ್ಚಿಸಿರಿ, ಮತ್ತು ಐಬಾರ್‌ನಂತೆ ಒಬ್ಬರ ಕೊಡುಗೆಗೆ ಒಂದು ಮಿತಿಯನ್ನು ಬೈಲಾದಲ್ಲಿಯೇ ಬರೆಯಿರಿ. ಆ ಜಮಾ ಖರ್ಚಿನ ಪಟ್ಟಿಯನ್ನು ಇಲ್ಲಿ ಹಾಕಿದರೆ ಯಾವ ಖರ್ಚನ್ನು ಇಳಿಸಬಹುದು ಎಂಬುದನ್ನು ಸಾಲು ಸಾಲಾಗಿ ನೋಡಿ ಹೇಳಲು ನಾನು ಸಿದ್ಧನಿದ್ದೇನೆ.