ಮೆಕ್ಕೆಜೋಳದ ಜೊತೆ ಅಲಸಂದೆ: ಯೂರಿಯಾ ಕಡಿಮೆ ಮಾಡಬಹುದೇ?

ಪ್ರಶ್ನೆ: ಮೆಕ್ಕೆಜೋಳದ ಸಾಲುಗಳ ನಡುವೆ ಅಲಸಂದೆ ಬಿತ್ತಿದ್ದೇನೆ. ದ್ವಿದಳ ಬೆಳೆಯೇ ಸಾರಜನಕ ಒದಗಿಸುತ್ತದೆಂದು ಕೇಳಿ ಯೂರಿಯಾವನ್ನು ಅರ್ಧಕ್ಕೆ ಇಳಿಸಿದೆ. ಈಗ ಮೆಕ್ಕೆಜೋಳದ ಕೆಳಗಿನ ಎಲೆಗಳು ಹಳದಿಯಾಗುತ್ತಿವೆ. ಅಲಸಂದೆ ಮಾತ್ರ ಹಸಿರಾಗಿದೆ. ಕಾರಣವೇನು?

ಉತ್ತರ: ಹಳದಿ ಬಣ್ಣವು ಎಲೆಯ ತುದಿಯಲ್ಲಿ ಆರಂಭವಾಗಿ ನಡುನರದ ಗುಂಟ ಬುಡದತ್ತ ಇಳಿಯುತ್ತಿದ್ದು, ಅಂಚುಗಳು ಇನ್ನೂ ಹಸಿರಾಗಿದ್ದರೆ ಅದು ಸಾರಜನಕದ ಕೊರತೆಯೇ ಸರಿ. ಅಲಸಂದೆಯ ಬೇರುಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಸ್ಥಿರೀಕರಿಸುತ್ತವೆ, ನಿಜ; ಆದರೆ ಅದರ ಬಹುಪಾಲು ಅಲಸಂದೆಯ ಎಲೆ, ಕಾಯಿಗಳಿಗೇ ಸಲ್ಲುತ್ತದೆ. ಅದೇ ಹಂಗಾಮಿನಲ್ಲಿ ಪಕ್ಕದ ಮೆಕ್ಕೆಜೋಳಕ್ಕೆ ದಕ್ಕುವುದು ಅತ್ಯಲ್ಪ. ಬೇರು, ಗಂಟು, ಉದುರಿದ ಎಲೆಗಳು ಕೊಳೆತ ಮೇಲೆ ಮುಂದಿನ ಬೆಳೆಗೆ ಪ್ರಯೋಜನವಾಗುತ್ತದೆ; ಕಾಯಿ ಬಿಡಿಸಿದ ನಂತರ ಗಿಡವನ್ನೂ ಮೇವಿಗೆ ಕಿತ್ತೊಯ್ದರೆ ಅದೂ ಬಹುಮಟ್ಟಿಗೆ ಹೊಲ ಬಿಟ್ಟು ಹೋಗುತ್ತದೆ.

ಆದ್ದರಿಂದ ಮೆಕ್ಕೆಜೋಳಕ್ಕೆ ಶಿಫಾರಸಾದ ಸಾರಜನಕವನ್ನು ಪೂರ್ತಿಯಾಗಿ ಕೊಡಿ. ಸೂಲಂಗಿ (ಗಿಡದ ತುದಿಯ ಗಂಡು ಹೂಗೊಂಚಲು) ಇನ್ನೂ ಹೊರಬಂದಿಲ್ಲವಾದರೆ, ಉಳಿದ ಯೂರಿಯಾವನ್ನು ಮಣ್ಣಿನಲ್ಲಿ ತೇವವಿರುವಾಗ ಮೆಕ್ಕೆಜೋಳದ ಸಾಲಿನ ಪಕ್ಕದಲ್ಲೇ ಹಾಕಿ ಮಣ್ಣು ಮುಚ್ಚಿ. ಹೊಲದ ತುಂಬ ಎರಚಬೇಡಿ. ಮಣ್ಣಿನಲ್ಲಿ ಸಾರಜನಕ ಸುಲಭವಾಗಿ ಸಿಕ್ಕರೆ ಅಲಸಂದೆ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಹೂ ಬಿಡುವ ಹೊತ್ತಿಗೆ ಒಂದೆರಡು ಗಿಡಗಳನ್ನು ಎಳೆದು ಕೀಳದೆ, ಗುದ್ದಲಿಯಿಂದ ಮಣ್ಣುಸಮೇತ ಎಬ್ಬಿಸಿ, ಬೇರು ತೊಳೆದು, ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪಾಗಿದ್ದರೆ ಅದು ಕೆಲಸ ಮಾಡುತ್ತಿದೆ. ಬಿಳಿ ಅಥವಾ ಹಸಿರಾಗಿದ್ದರೆ ಇಲ್ಲ.

ಹಾಗಾದರೆ ಅಂತರಬೆಳೆಯಿಂದೇನು ಲಾಭ? ನನ್ನ ಅಭಿಪ್ರಾಯದಲ್ಲಿ ಅದನ್ನು ಯೂರಿಯಾದ ಉಳಿತಾಯದಿಂದ ಅಳೆಯುವುದೇ ಸರಿಯಲ್ಲ, ಒಟ್ಟು ಇಳುವರಿಯಿಂದ ಅಳೆಯಬೇಕು. ಮೆಕ್ಕೆಜೋಳ ತಾನೊಂದೇ ಬೆಳೆದಾಗ ಕೊಡುವ ಇಳುವರಿಯ ಶೇ 90ರಷ್ಟನ್ನೂ ಅಲಸಂದೆ ಶೇ 35ರಷ್ಟನ್ನೂ ಕೊಟ್ಟಿತೆಂದುಕೊಂಡರೆ, ಒಂದು ಎಕರೆಯಲ್ಲಿ 1.25 ಎಕರೆಯ ಫಸಲು ಬಂದಂತಾಯಿತು. ಅಲಸಂದೆಯ ಪಾಲು ಹೆಚ್ಚಬೇಕಾದರೆ ಅದಕ್ಕೆ ಬೆಳಕು ಬೇಕು. ಮುಂದಿನ ಸಲ 60 ಸೆಂ.ಮೀ. ಅಂತರದ ಸಮಸಾಲುಗಳ ಬದಲು, 40 ಸೆಂ.ಮೀ. ಅಂತರದ ಜೋಡಿ ಸಾಲುಗಳಲ್ಲಿ ಮೆಕ್ಕೆಜೋಳ ಬಿತ್ತಿ, ಜೋಡಿಗಳ ನಡುವೆ 80 ಸೆಂ.ಮೀ. ಬಿಡಿ. ಸಾಲುಗಳ ಸಂಖ್ಯೆ ಕಡಿಮೆಯಾಗದೆ ಅಲಸಂದೆಗೆ ಜಾಗ ಸಿಗುತ್ತದೆ. ಹಬ್ಬುವ ತಳಿ ದಂಟನ್ನು ಸುತ್ತಿ ಬಾಗಿಸುವುದರಿಂದ ಪೊದೆಯಾಗಿ ಬೆಳೆಯುವ ತಳಿಯನ್ನೇ ಆರಿಸಿ. ಮೆಕ್ಕೆಜೋಳದಲ್ಲಿ ರೂಢಿಯಾಗಿ ಬಳಸುವ ಅಟ್ರಾಜಿನ್ ಕಳೆನಾಶಕವು ಅಲಸಂದೆಗೂ ಮಾರಕವಾದುದರಿಂದ, ಇಂತಹ ಹೊಲದಲ್ಲಿ ಅದನ್ನು ಸಿಂಪಡಿಸಬೇಡಿ.