ಓರ್ಕ್‌ಗಳ ಹುಟ್ಟು, ಅವರ ಊಟ, ಅವರ ಮಕ್ಕಳು

ಪ್ರಶ್ನೆ: ನಾನೇ ಒಂದು ಕಲ್ಪನಾಲೋಕ ಕಟ್ಟಿ ಗೆಳೆಯರಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ಕಥೆ ಕಟ್ಟುತ್ತ ಆಡುವ ಆಟ ಆಡಿಸುತ್ತಿದ್ದೇನೆ. ಅದರಲ್ಲಿ ಶತ್ರುಗಳಾಗಿ ಬರುವ ಓರ್ಕ್ ಎಂಬ ಕ್ರೂರ ಜನರನ್ನು ದುಷ್ಟ ಮಾಂತ್ರಿಕನೊಬ್ಬ ಸೃಷ್ಟಿಸಿದ ಎಂದು ಬರೆದಿಟ್ಟಿದ್ದೆ. ‘ಅವನು ಸತ್ತು ಮುನ್ನೂರು ವರ್ಷವಾಯಿತಲ್ಲ, ಇವರೇಕೆ ಇನ್ನೂ ಹಳ್ಳಿ ಸುಡುತ್ತಾರೆ?’ ಎಂದು ಆಟಗಾರ್ತಿಯೊಬ್ಬರು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಇವರಿಗೆ ನಂಬುವಂಥ ಹುಟ್ಟುಕಥೆ, ಸಮಾಜ ಕೊಡುವುದು ಹೇಗೆ?

ಉತ್ತರ: ನಿಮ್ಮ ಆಟಗಾರ್ತಿ ಕೇಳಿದ ಪ್ರಶ್ನೆ ‘ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ ಅವರನ್ನೂ ಕಾಡಿತ್ತು. ಓರ್ಕ್‌ಗೆ ಇಂದಿನ ರೂಪ ಕೊಟ್ಟವರೇ ಅವರಾದರೂ ಅದರ ಮೂಲವನ್ನು ಕೊನೆಯವರೆಗೂ ತೀರ್ಮಾನಿಸಲಿಲ್ಲ. ಅವರ ಮರಣಾನಂತರ 1977ರಲ್ಲಿ ಬಂದ ‘ಸಿಲ್ಮರಿಲಿಯನ್’ ಪ್ರಕಾರ, ಸೆರೆಸಿಕ್ಕ ಎಲ್ಫ್‌ಗಳನ್ನು (ಸಾವಿಲ್ಲದ ಸುಂದರ ಜನ) ಹಿಂಸಿಸಿ, ಕೆಡಿಸಿ ಓರ್ಕ್‌ಗಳನ್ನು ಮಾಡಲಾಯಿತು. ಟೋಲ್ಕಿನ್ ಅವರ ಕೊನೆಗಾಲದ ಟಿಪ್ಪಣಿಗಳು ಮನುಷ್ಯರತ್ತ ಬೆರಳು ತೋರಿಸುತ್ತವೆ. ಕೇಡಿಗೆ ಹೊಸ ಜೀವವನ್ನು ಸೃಷ್ಟಿಸುವ ಶಕ್ತಿಯಿಲ್ಲ, ಇದ್ದದ್ದನ್ನು ಕೆಡಿಸಬಲ್ಲದು ಅಷ್ಟೇ ಎಂಬುದು ಅವರ ನಿಲುವು. ಹಾಗಾದರೆ ಓರ್ಕ್‌ಗೂ ಆತ್ಮವಿರಬೇಕು, ತಿದ್ದಿಕೊಳ್ಳುವ ದಾರಿಯೂ ಇರಬೇಕು. ಈ ಗಂಟನ್ನು ಅವರು ಬಿಡಿಸಲೇ ಇಲ್ಲ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಓರ್ಕ್‌ನ ಮೈಯನ್ನು ಎತ್ತಿಕೊಂಡು ಈ ಚಿಂತೆಯನ್ನು ಅಲ್ಲೇ ಬಿಟ್ಟಿತು. ಕತ್ತಿ ಬೀಸಲು ಎದುರಾಳಿ ಬೇಕಿತ್ತು, ಸಿಕ್ಕಿತು. ಆಮೇಲೆ ಗ್ರೂಮ್ಶ್ ಎಂಬ ದೇವರ ಕಥೆ ಸೇರಿಕೊಂಡಿತು. ದೇವತೆಗಳು ಚೀಟಿ ಎತ್ತಿ ಭೂಮಿ ಹಂಚಿಕೊಳ್ಳುತ್ತಾರೆ. ಕಾಡು ಎಲ್ಫ್‌ಗಳ ಪಾಲು, ಬೆಟ್ಟ ಕುಳ್ಳರ ಪಾಲು. ಓರ್ಕ್‌ಗಳ ದೇವರ ಸರದಿ ಬರುವಷ್ಟರಲ್ಲಿ ಏನೂ ಉಳಿದಿಲ್ಲ, ಉಳಿದವರು ನಗುತ್ತಾರೆ. ಅವನು ಸಿಟ್ಟಿನಿಂದ ಈಟಿಯಲ್ಲಿ ಬೆಟ್ಟಗಳನ್ನು ತಿವಿದು ಗುಹೆ ತೆರೆದು, ‘ನನ್ನವರು ಇಲ್ಲಿರುತ್ತಾರೆ, ಒಂದು ದಿನ ಎಲ್ಲವನ್ನೂ ಕಿತ್ತುಕೊಳ್ಳುತ್ತಾರೆ’ ಎನ್ನುತ್ತಾನೆ. ಮಾಂತ್ರಿಕ ಸತ್ತರೆ ಅವನ ಆಜ್ಞೆ ಮುಗಿಯಿತು. ತಾಯಿ ಮಗುವಿಗೆ ಹೇಳಿಕೊಡುವ ಅನ್ಯಾಯದ ಕಥೆ ಹಾಗೆ ಮುಗಿಯುವುದಿಲ್ಲ. ಇನ್ನೊಂದು ಸೊಗಸಿದೆ: ಗ್ರೂಮ್ಶ್‌ನ ಒಂದು ಕಣ್ಣನ್ನು ತಮ್ಮ ದೇವರು ಕಿತ್ತ ಎಂದು ಎಲ್ಫ್‌ಗಳು ಹೇಳಿದರೆ, ಅವನಿಗೆ ಮೊದಲಿನಿಂದಲೂ ಒಂದೇ ಕಣ್ಣು ಎಂದು ಓರ್ಕ್ ಪೂಜಾರಿಗಳು ಸಾಧಿಸುತ್ತಾರೆ. ಹುಟ್ಟುಕಥೆ ಬರೆಯುವಾಗ ಅದನ್ನು ಹೇಳುತ್ತಿರುವವರು ಯಾರೆಂದು ಮೊದಲು ಗೊತ್ತುಮಾಡಿಕೊಳ್ಳಿ.

ಆದರೆ ನನ್ನ ಕಣ್ಣಿಗೆ ಈ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದು ರೂನ್‌ಕ್ವೆಸ್ಟ್ ಆಟದ ಗ್ಲೊರಾಂಥಾ ಲೋಕ. 1982ರಲ್ಲಿ ಟ್ರೋಲ್ ಎಂಬ ದಢೂತಿ ಜೀವಿಗಳಿಗೆಂದೇ ‘ಟ್ರೋಲ್‌ಪ್ಯಾಕ್’ ಎಂಬ ಪ್ರಕಟಣೆ ಹೊರಬಂತು. ಅಲ್ಲಿ ಟ್ರೋಲ್‌ಗಳು ಪಾತಾಳದ ಕತ್ತಲಲ್ಲಿ ಸುಖವಾಗಿದ್ದವರು. ಕೊಲೆಯಾದ ಸೂರ್ಯದೇವ ಸತ್ತವರ ಲೋಕಕ್ಕೆ ಇಳಿದು ಬಂದಾಗ ಅವನ ಬೆಳಕಿಗೆ ಸುಟ್ಟುಹೋಗಿ ಮೇಲಕ್ಕೆ ಓಡಿಬಂದರು. ಅಂದರೆ ಅವರು ದಾಳಿಕೋರರಾಗುವ ಮೊದಲು ನಿರಾಶ್ರಿತರು. ಮುಂದೆ ಯುದ್ಧವೊಂದರಲ್ಲಿ ಅವರ ಸಂತಾನಕ್ಕೇ ಶಾಪ ತಗುಲಿ, ಟ್ರೋಲ್ ತಾಯಂದಿರಿಗೆ ಹೆಚ್ಚಾಗಿ ಕುಬ್ಜ, ಬಡಕಲು ಮಕ್ಕಳೇ ಹುಟ್ಟತೊಡಗಿದವು. ಆರೋಗ್ಯವಂತ ಮಗುವನ್ನು ಹೆತ್ತವಳ ಮಾತಿಗೆ ಅಲ್ಲಿ ಎದುರಿಲ್ಲ, ಕುಲದೇವತೆಯೂ ತಾಯಿಯೇ. ಬಡಕಲಾಗಿ ಹುಟ್ಟಿದವರು ಜೀತದಾಳುಗಳು, ಬರಗಾಲದಲ್ಲಿ ಆಹಾರವೂ ಹೌದು. ಟ್ರೋಲ್‌ಗಳು ಸಿಕ್ಕಿದ್ದನ್ನೆಲ್ಲ ತಿಂದು ಅರಗಿಸಿಕೊಳ್ಳುತ್ತಾರೆ, ದೈತ್ಯ ಕೀಟಗಳನ್ನು ಸಾಕುತ್ತಾರೆ. ಇಷ್ಟು ಓದಿದವರಿಗೆ ಟ್ರೋಲ್ ಒಬ್ಬನ ಸಿಟ್ಟೂ ನಾಚಿಕೆಯೂ ಅರ್ಥವಾಗುತ್ತದೆ, ಭಯ ಮಾತ್ರ ಕಡಿಮೆಯಾಗುವುದಿಲ್ಲ.

ಬೇರೆ ದಾರಿಗಳೂ ಇವೆ. ವಾರ್‌ಹ್ಯಾಮರ್ 40,000 ಎಂಬ ಯುದ್ಧದಾಟದಲ್ಲಿ ಓರ್ಕ್‌ಗಳು ಶಿಲೀಂಧ್ರದಂತೆ ಬೀಜಕಣಗಳಿಂದ ಹುಟ್ಟುತ್ತಾರೆ. ಅಪ್ಪ-ಅಮ್ಮ, ಬಾಲ್ಯ ಇಲ್ಲವಾದ್ದರಿಂದ ಜಗಳವೇ ಅವರ ಸಮಾಜ. ಶ್ಯಾಡೋರನ್ ಆಟದ ಕಲ್ಪಿತ ಇತಿಹಾಸದಲ್ಲಿ 2021ರಲ್ಲಿ ಸಾಮಾನ್ಯ ಮನುಷ್ಯರೇ ಇದ್ದಕ್ಕಿದ್ದಂತೆ ಓರ್ಕ್, ಟ್ರೋಲ್‌ಗಳಾಗಿ ಬದಲಾಗಿಬಿಡುತ್ತಾರೆ, ನೆರೆಯವರು ಬಾಗಿಲು ಮುಚ್ಚುತ್ತಾರೆ.

ನಿಮ್ಮ ಮಾಂತ್ರಿಕನನ್ನು ಅಳಿಸಬೇಡಿ. ಸೈನ್ಯಕ್ಕೆಂದೇ ಹುಟ್ಟಿಸಿದ ಜನ. ಯುದ್ಧ ಮುಗಿದ ಮೇಲೆ ಹೊಲವಿಲ್ಲ, ಕಸುಬಿಲ್ಲ, ಯಾರೂ ಮಾರುಕಟ್ಟೆಗೆ ಸೇರಿಸುವುದಿಲ್ಲ. ಮೊದಲು ಅವರ ಊಟದ ಲೆಕ್ಕ ಹಾಕಿ. ಧಾನ್ಯಕ್ಕಾಗಿ ದಾಳಿ ಮಾಡುವವರು ಹಳ್ಳಿ ಸುಡುವುದಿಲ್ಲ, ಮುಂದಿನ ವರ್ಷವೂ ಅಲ್ಲಿ ಬೆಳೆ ಬರಬೇಕಲ್ಲ! ಸುಡುತ್ತಿದ್ದಾರೆಂದರೆ ಅವರಿಗೆ ನೆಲವೇ ಬೇಕು, ಜನ ಅಲ್ಲಿಂದ ಎದ್ದುಹೋಗಬೇಕು. ಸುಡಬೇಕೋ, ಕಪ್ಪ ವಸೂಲಿ ಮಾಡಬೇಕೋ ಎಂಬುದರ ಮೇಲೆ ಓರ್ಕ್‌ಗಳಲ್ಲೇ ಎರಡು ಪಕ್ಷ ಮಾಡಿ. ಒಂದು ಪಕ್ಷದ ನಾಯಕಿ ಆಟಗಾರರ ಜೊತೆ ಮಾತಿಗೆ ಸಿದ್ಧಳಿರಲಿ. ಆಟಗಾರ್ತಿಯ ಪ್ರಶ್ನೆಗೆ ಉತ್ತರ ಅವಳ ಬಾಯಿಂದಲೇ ಬರಬಹುದು.

ಪ್ರಶ್ನೆ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ರಾಕ್ಷಸನಿಗೆ ಹುಲಿಯ ತಲೆ ಯಾಕೆ? ನಮ್ಮ ಪುರಾಣದಿಂದಲೇ ತೆಗೆದುಕೊಂಡಿದ್ದಾರೆಯೇ?

ಉತ್ತರ: ಹೆಸರು ಪುರಾಣದ್ದು, ದಾರಿ ಮಾತ್ರ ಟಿವಿಯದು. ‘ಕೋಲ್‌ಚಾಕ್: ದ ನೈಟ್ ಸ್ಟಾಕರ್’ ಎಂಬ ಅಮೆರಿಕನ್ ಧಾರಾವಾಹಿಯ 1974ರ ಕಂತೊಂದರಲ್ಲಿ ನಂಬಿಕಸ್ಥರ ರೂಪ ತಾಳಿ ಬರುವ ರಾಕ್ಷಸನಿದ್ದ, ಅವನು ಸಾಯುತ್ತಿದ್ದದ್ದು ಮಂತ್ರಿಸಿದ ಅಡ್ಡಬಿಲ್ಲಿನ ಬಾಣಕ್ಕೆ. ಗೈಗ್ಯಾಕ್ಸ್ ಎರಡನ್ನೂ ಎತ್ತಿಕೊಂಡರು. ಹುಲಿಯ ತಲೆ ಮನಸ್ಸಿನಲ್ಲಿ ಕೂತದ್ದು 1977ರ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಚಿತ್ರದಿಂದ. ಸಮಾಜ ಕಟ್ಟುವವರಿಗೆ ಇದಕ್ಕಿಂತ ರಾಮಾಯಣದ ಲಂಕೆ ಎಷ್ಟೋ ಮೇಲು. ರಾವಣನ ತಂದೆ ಋಷಿ; ಲಂಕೆ ಮಲಸಹೋದರ ಕುಬೇರನಿಂದ ಕಿತ್ತುಕೊಂಡದ್ದು. ವಿಭೀಷಣ ಅಣ್ಣನನ್ನು ಬಿಟ್ಟು ಹೊರಡುತ್ತಾನೆ, ಕುಂಭಕರ್ಣ ತಪ್ಪೆಂದು ಗೊತ್ತಿದ್ದೂ ಅಣ್ಣನ ಪರ ನಿಂತು ಸಾಯುತ್ತಾನೆ. ಒಂದೇ ಮನೆಯಲ್ಲಿ ಇಷ್ಟು ಭಿನ್ನಾಭಿಪ್ರಾಯವಿದ್ದರೆ ಆಟಕ್ಕೆ ಇನ್ನೇನು ಬೇಕು?

ಪ್ರಶ್ನೆ: ಗುಹೆಯಲ್ಲಿ ಓರ್ಕ್‌ಗಳನ್ನೆಲ್ಲ ಕೊಂದ ಮೇಲೆ ಒಳಕೋಣೆಯಲ್ಲಿ ಮಕ್ಕಳು ಸಿಕ್ಕವು. ಆಟ ಅಲ್ಲೇ ನಿಂತು, ಜಗಳವಾಯಿತು. ನಾನೇನು ಮಾಡಬೇಕಿತ್ತು?

ಉತ್ತರ: ಗೈಗ್ಯಾಕ್ಸ್ ಬರೆದ ‘ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್’ ಸಾಹಸದ ಗುಹೆಗಳಲ್ಲೂ ಹೆಂಗಸರು, ಮಕ್ಕಳು ಇದ್ದಾರೆ, ಅಂದಿನಿಂದ ಈ ಜಗಳ ನಡೆಯುತ್ತಲೇ ಇದೆ. ಮಕ್ಕಳನ್ನು ಅಲ್ಲಿಟ್ಟ ಕೂಡಲೇ ನೀವು ನೀತಿಯ ಪ್ರಶ್ನೆ ಎತ್ತಿದಿರಿ, ಅದಕ್ಕೆ ತಂಡ ತಯಾರಿದೆಯೇ ಎಂದು ಆಟ ಶುರುವಾಗುವ ಮೊದಲೇ ಕೇಳಬೇಕಿತ್ತು. ಬರೀ ಹೊಡೆದಾಟ ಬೇಕೆನ್ನುವವರಿಗೆ ಅಸ್ಥಿಪಂಜರಗಳಿವೆ, ರಾಕ್ಷಸ ಶಕ್ತಿಯಿಂದ ಕತ್ತೆಕಿರುಬಗಳೇ ಎದ್ದುನಿಂತಂತಹ ನೋಲ್‌ಗಳಿವೆ. ಆದರೆ ನೋಲ್‌ಗಳಿಗೆ ಊರು, ತೊಟ್ಟಿಲು ಕೊಡಬೇಡಿ. ಆಟಗಳೂ ಬದಲಾಗಿವೆ: 2004ರ ಎಬೆರಾನ್ ಲೋಕದಲ್ಲಿ ಮೂವರು ಮಾಟಗಾತಿ ಸಹೋದರಿಯರು ಆಳುವ ಮಾನ್‌ಸ್ಟರ್‌ಗಳ ದೇಶವೇ ಇದೆ, 2019ರ ಪಾತ್‌ಫೈಂಡರ್ ಆಟದ ಮೂಲಪುಸ್ತಕದಲ್ಲಿ ಗಾಬ್ಲಿನ್ ಎಂಬ ಕುಬ್ಜ ಜೀವಿ ಆಟಗಾರರ ಪಾತ್ರ, 2024ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಓರ್ಕ್ ಕೂಡ.

ನಿಂತ ಆಟವನ್ನು ಮುಂದುವರಿಸಲು ಒಂದು ದಾರಿ: ದಾಳಿಯ ಹೊತ್ತಿನಲ್ಲಿ ಬೇಟೆಗೆ ಹೋಗಿದ್ದ ಸೋದರಮಾವನೊಬ್ಬ ಆ ಮಕ್ಕಳನ್ನು ಕೇಳಿಕೊಂಡು ಆಟಗಾರರ ಬಿಡಾರಕ್ಕೆ ಬರಲಿ. ಕೈಯಲ್ಲಿ ಆಯುಧ ಬೇಡ, ಬಿಡುಗಡೆಯ ಹಣದ ಚೀಲವಿರಲಿ.